ನಾಗಸ್ವರ ನುಡಿಸಿದ ಜಾಝ್ ಕಲಾವಿದ ಚಾರ್ಲಿ ಮರಿಯಾನೊ

ತಿಪಟೂರು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಗರಿಯ ಚಪ್ಪರದಡಿ ಓಲಗ ಕೇಳಿ ಬೆಳೆದು, ಈಗ ನಗರಗಳಲ್ಲಿ ನೆಲೆಸಿರುವ ಕೇಳುಗರಿಗೆ ಜಾಝ್ ಪರಕೀಯವೆನಿಸಬಹುದು. ಅಂಥವರು ಅದರೊಳಗೆ ಪ್ರವೇಶಿಸಲು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರಷ್ಟು ಸುಲಭವಾದ ದಾರಿ ಇನ್ನೊಂದಿಲ್ಲ. ಏಕೆಂದರೆ ಅವರು ನಾಗಸ್ವರವನ್ನೂ ಕಲಿತು ನುಡಿಸಿದವರು.

1923ರಲ್ಲಿ ಬಾಸ್ಟನ್ ನಗರದ ಇಟಾಲಿಯನ್ ವಲಸಿಗ ಕುಟುಂಬದಲ್ಲಿ ಜನಿಸಿದ ಮರಿಯಾನೊ, 1950ರ ದಶಕದಲ್ಲಿ ಸ್ಟಾನ್ ಕೆಂಟನ್ ಅವರ ವಾದ್ಯವೃಂದದಲ್ಲಿ ಹೆಸರು ಮಾಡಿದರು. ಕಪ್ಪು ಜನರ ಬ್ಲೂಸ್ ಹಾಗೂ ಚರ್ಚ್ ಗೀತೆಗಳ ಆರ್ತತೆಯನ್ನು ಜಾಝ್‌ಗೆ ಧಾರೆಯೆರೆದ ಚಾರ್ಲ್ಸ್ ಮಿಂಗಸ್ ಅವರ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಧ್ವನಿಮುದ್ರಿಕೆಯಲ್ಲಿ ಆಲ್ಟೊ ಸ್ಯಾಕ್ಸೋಫೋನಿನ ಅಳಲು ಇವರದೇ.

ಅದೇ ಕಾಲದಲ್ಲಿ ಜಾಝ್‌ನೊಳಗೆ ಇನ್ನೊಂದು ಬದಲಾವಣೆ ನಡೆದಿತ್ತು. ಕ್ಷಣಕ್ಷಣಕ್ಕೂ ಬದಲಾಗುವ ಸ್ವರಮೇಳಗಳ ಬೆನ್ನುಹತ್ತುವುದನ್ನು ಬಿಟ್ಟು ಒಂದೇ ಸ್ವರಶ್ರೇಣಿಯ ಮೇಲೆ ದೀರ್ಘಕಾಲ ನಿಂತು ಮನೋಧರ್ಮವನ್ನು ಬೆಳೆಸುವುದು. ಇದೇ ಮೋಡಲ್ ಜಾಝ್. ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಮೊದಲ ಕೃತಿ ‘ಸೋ ವಾಟ್’ನ ಡೋರಿಯನ್ ಶ್ರೇಣಿ ನಮ್ಮ ಖರಹರಪ್ರಿಯದ ಸ್ವರಗಳೇ. ನಡುವೆ ಇಡೀ ಶ್ರೇಣಿ ಅರ್ಧ ಸ್ವರ ಮೇಲೇರಿ ಮರಳಿ ಇಳಿಯುತ್ತದೆ. ಶ್ರುತಿ ಅಲುಗಬಾರದೆಂದು ಕಲಿತ ಕಿವಿಗೆ ಅಲ್ಲಿ ತುಸು ಕಸಿವಿಸಿಯಾಗುವುದು ಸಹಜ. ಆದರೆ ಶ್ರೇಣಿಯೇ ರಾಗವಲ್ಲ. ಗಮಕವಿಲ್ಲದೆ ಖರಹರಪ್ರಿಯವಿಲ್ಲ.

ಈ ಗಮಕದ ಗುಟ್ಟನ್ನು ಮರಿಯಾನೊ ಪುಸ್ತಕದಲ್ಲಿ ಹುಡುಕಲಿಲ್ಲ. 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ನಾಗಸ್ವರದ ಪರಿಚಯವಾಯಿತು. ಮುಂದೆ ದಕ್ಷಿಣ ಭಾರತಕ್ಕೂ ಬಂದು ಅಭ್ಯಾಸ ಮಾಡಿದರು. ಸ್ಯಾಕ್ಸೋಫೋನಿಗೆ ಲೋಹದ ಕೀಲಿಗಳುಂಟು. ನಾಗಸ್ವರಕ್ಕೆ ಬರಿಯ ರಂಧ್ರಗಳು. ಉಸಿರು, ತುಟಿ ಹಾಗೂ ಬೆರಳ ಅರೆಮುಚ್ಚುವಿಕೆಯಿಂದಲೇ ಸ್ವರವನ್ನು ಜಾರಿಸಬೇಕು. ನಾಗಸ್ವರದ ಮನೆತನದಿಂದ ಬಂದು ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರು ನಡೆದ ಹಾದಿಯ ಎದುರು ದಿಕ್ಕಿನಿಂದ ಬಂದವರು ಮರಿಯಾನೊ.

ಕರ್ನಾಟಕದೊಂದಿಗೆ ಅವರ ನಂಟು ಗಟ್ಟಿಯಾದದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮೂಲಕ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಮಣಿ, ಗಾಯಕಿ ಆರ್.ಎ. ರಮಾಮಣಿ, ಘಟ ಹಾಗೂ ಮೋರ್ಸಿಂಗ್‌ನ ಆರ್.ಎ. ರಾಜಗೋಪಾಲ್, ಖಂಜಿರದ ಟಿ.ಎನ್. ಶಶಿಕುಮಾರ್ ಅವರೊಂದಿಗೆ ಮರಿಯಾನೊ ನುಡಿಸಿದ ‘ಜ್ಯೋತಿ’ಯನ್ನು ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದಿತು.

ಮುಖಪುಟದಲ್ಲಿ ಮರಿಯಾನೊ ಹೆಸರು ಮುಂದಿದ್ದರೂ ರಚನೆಗಳು ರಮಾಮಣಿಯವರವು. ಮೊದಲ ಭಾಗ ‘ವಾಯ್ಸ್ ಸೋಲೊ’ ಅವರ ಕಂಠಕ್ಕೇ ಮೀಸಲು. ಪಾಶ್ಚಾತ್ಯ ಪ್ರಯೋಗಗಳಲ್ಲಿ ನಮ್ಮ ವಾದಕರು ಬಹುಪಾಲು ಹಿನ್ನೆಲೆಯ ಬಣ್ಣವಾಗಿ ಬಳಕೆಯಾಗುವುದುಂಟು. ಇಲ್ಲಿ ಅತಿಥಿಯೇ ಹಿಂದೆ ಸರಿದು, ಸೊಪ್ರಾನೊ ಸ್ಯಾಕ್ಸೋಫೋನ್ ಹಾಗೂ ಕೊಳಲಿನಿಂದ ಅವರ ಸಾಲನ್ನು ಹಿಂಬಾಲಿಸುತ್ತಾರೆ. ಆದರೂ ರಮಾಮಣಿ ಮತ್ತು ಮಣಿ ಅವರ ಈ ಸಾಧನೆ ಯುರೋಪಿನ ಜಾಝ್ ಕೇಳುಗರಿಗೆ ಪರಿಚಿತವಾದಷ್ಟು ಕನ್ನಡ ನಾಡಿನ ಕೇಳುಗರಿಗೆ ಪರಿಚಿತವಾಗಲಿಲ್ಲ ಎಂಬುದು ನಾಚಿಕೆಯ ಸಂಗತಿ.

ಮರಿಯಾನೊ 2009ರ ಜೂನ್ 16ರಂದು ಜರ್ಮನಿಯ ಕಲೋನ್‌ನಲ್ಲಿ ನಿಧನರಾದರು. ಹೊಸಬರು ‘ಜ್ಯೋತಿ’ಯ ‘ವಂದನಂ’ನಿಂದ ಆರಂಭಿಸಿ, ‘ಭಜನ್’ ಕೇಳಿ, ಬಳಿಕ ಮಿಂಗಸ್ ಕಡೆಗೆ ಹೊರಳುವುದು ಒಳಿತು. ‘ಜ್ಯೋತಿ’ಯಲ್ಲಿ ನಾಗಸ್ವರವಿಲ್ಲ. ಅದನ್ನು ಮರಿಯಾನೊ ಕೈಯಲ್ಲಿ ಕೇಳಬೇಕೆಂದರೆ ಎಬರ್‌ಹಾರ್ಡ್ ವೆಬರ್ ಅವರ, 1975ರಲ್ಲಿ ಧ್ವನಿಮುದ್ರಣಗೊಂಡ ‘ಯೆಲ್ಲೊ ಫೀಲ್ಡ್ಸ್’ ಹುಡುಕಬೇಕು.