ಕಾಯಕದ ಶುದ್ಧಿ: ವಸ್ತುಪರೀಕ್ಷೆ ಮತ್ತು ಕಾಯರಕ್ಷಣೆ

ಹನ್ನೆರಡನೆಯ ಶತಮಾನದ ಶಿವಶರಣರು ಕಾಯಕಕ್ಕೆ ಕೊಟ್ಟ ಮಹತ್ವವು ಸರ್ವವಿದಿತವಾದುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರಲು, ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಎಚ್ಚರಿಸಿದ ಕಥೆಯನ್ನು ಅರಿಯದ ಸದ್ಭಕ್ತರಿಲ್ಲ. ಗಳಿಕೆಯನ್ನು ಹೀಗೆ ಒರೆಗೆ ಹಚ್ಚಿದ ಧರ್ಮವು, ಕೈಯಿಂದಾದ ವಸ್ತುವಿನ ಶುದ್ಧಿಯನ್ನಾಗಲಿ ದುಡಿಯುವ ಕಾಯದ ರಕ್ಷಣೆಯನ್ನಾಗಲಿ ಅಲಕ್ಷಿಸಲಾರದು. ಈ ಎರಡನ್ನೂ ಮರೆತಾಗ ಆಗುವ ಹಾನಿಯನ್ನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯು ಕಣ್ಣಾರೆ ಕಂಡಿದೆ.

ಈ ಸೀಮೆಯು ಪೂರ್ವದಲ್ಲಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದು, ರಾಣೇಬೆನ್ನೂರು ಹತ್ತಿಯ ಪೇಟೆಯೆಂದು ಹೆಸರುಗೊಂಡಿದ್ದಿತು. 1861ರಲ್ಲಿ ಅಮೇರಿಕಾ ದೇಶದಲ್ಲಿ ಅಂತರ್ಯುದ್ಧವು ಮೊದಲಾಗಿ, ಅಲ್ಲಿಯ ಹತ್ತಿ ಇಂಗ್ಲಂಡಿನ ಗಿರಣಿಗಳಿಗೆ ಬಾರದಾಗಲು, ಇಲ್ಲಿಯ ಹತ್ತಿಯ ಧಾರಣೆಯು ಒಮ್ಮೆಲೇ ಏರಿತು. ಧಾರಣೆಯೊಡನೆ ಆಸೆಯೂ ಏರಿತು. ಉದ್ದ ಎಳೆಯ ಹತ್ತಿಯಲ್ಲಿ ಗಿಡ್ಡ ಎಳೆಯದನ್ನೂ ಕಸವನ್ನೂ ಬೆರೆಸುವ ವಂಚನೆಯು ಹೆಚ್ಚಲು, ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ವಂಚನೆಯನ್ನು ತಡೆಯುವ ಕಾಯಿದೆಯನ್ನೇ ಮಾಡಬೇಕಾಯಿತು. ತಾನಾಗಿ ಪರೀಕ್ಷಿಸಿಕೊಳ್ಳದವನನ್ನು ಪರರು ಬಂದು ಪರೀಕ್ಷಿಸುವರೆಂಬುದಕ್ಕೆ ಇದೇ ನಿದರ್ಶನವು. ಮುಂದೆ 1881ರ ಕಾರಖಾನೆ ಕಾಯಿದೆಯು ಅಪಾಯಕರವಾದ ಯಂತ್ರಭಾಗಗಳಿಗೆ ಆವರಣ ಹಾಕಬೇಕೆಂದು ವಿಧಿಸಿತು. ಮೊದಲು ಸರಕಿನ ಚಿಂತೆ, ಆಮೇಲೆ ಕೂಲಿಕಾರನ ಕೈಯ ಚಿಂತೆ. ಈ ಕ್ರಮವನ್ನು ವಾಚಕರು ಗಮನಿಸಬೇಕು.

ಕಾಯಿದೆಯ ಭಯವಿಲ್ಲದೆ ಭಕ್ತಿಯಿಂದಲೇ ನಡೆದ ಪರೀಕ್ಷೆಯ ಉದಾಹರಣೆಯೂ ಉಂಟು. ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಅವತರಿಸಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು, 1909ರಲ್ಲಿ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿಯ ವಿಭೂತಿಯು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. ಗೋಮಯವನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಬಸಿದು, ಗಸಿಯನ್ನು ಗಟ್ಟಿಗಳಾಗಿ ಮಾಡಿ ಒಣಗಿಸುವುದು ವಿಭೂತಿಯ ಕ್ರಮ. ಸರಿಯಾಗಿ ಬೇಯದಿದ್ದರೆ ಕಪ್ಪು ಉಳಿಯುವುದು. ಸರಿಯಾಗಿ ಸೋಸದಿದ್ದರೆ ಹರಳು ಉಳಿದು ಹಣೆಯನ್ನು ಕೆರೆಯುವುದು. ಧರಿಸುವ ಭಕ್ತನು ಮಾಡಿದವನನ್ನು ನಂಬಿಯೇ ಧರಿಸುತ್ತಾನೆ. ಆದುದರಿಂದ ಪರೀಕ್ಷೆಯ ಭಾರವೆಲ್ಲ ಮಾಡುವವನದು.

ಬ್ಯಾಡಗಿಯ ಮೆಣಸಿನಕಾಯಿಯೂ ಇದನ್ನೇ ಸಾರುತ್ತದೆ. ಡಬ್ಬಿ, ಕಡ್ಡಿ ಎಂಬ ಈ ತಳಿಗಳು ಖಾರದಲ್ಲಿ ಮೃದು, ಬಣ್ಣದಲ್ಲಿ ಗಾಢ. 2011ರಲ್ಲಿ ಇವಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆ ಹೆಸರು ನಿಲ್ಲುವುದು ಒಣಗಿಸುವ ಕಣದಲ್ಲಿ. ಹಸಿ ಉಳಿದರೆ ಕಾಯಿಗೆ ಒಳಗಿಂದೊಳಗೆ ಬೂಷ್ಟು ಹಿಡಿದು ವಿಷವಾಗುವುದು; ತೂಕದಾಸೆಗೆ ನೀರು ಚಿಮುಕಿಸಿದರೂ ಅದೇ ಗತಿ. ತೊಟ್ಟು ಬಿಡಿಸಿ, ಬಿಳಿಗಾಯಿಯನ್ನು ಬೇರ್ಪಡಿಸುವ ತಾಯಂದಿರು ಘಾಟಿಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ದುಡಿಯುತ್ತಾರೆ. ಕೆಂಪು ಕಾಯಿಯನ್ನು ಹೊಗಳುವವರು ಆ ಕೆಂಪಾದ ಕಣ್ಣುಗಳನ್ನೂ ನೆನೆಯಬೇಕು. ಗಾಳಿಯಾಡುವ ಅಂಗಳ, ಮೂಗಿಗೆ ತಕ್ಕ ವಸ್ತ್ರ, ಕೈತೊಳೆಯಲು ನೀರು ಇವು ದಯೆಯ ದಾನವಲ್ಲ, ದುಡಿಸುವವನ ಋಣ.

ಈ ಋಣದ ತೂಕವು 2023ರ ಆಗಸ್ಟ್ ತಿಂಗಳಲ್ಲಿ ದಾರುಣವಾಗಿ ತಿಳಿದುಬಂದಿತು. ಹಾವೇರಿಯ ಸಮೀಪದ ಆಲದಕಟ್ಟಿಯಲ್ಲಿ ಪಟಾಕಿಯ ದಾಸ್ತಾನಿಗೆ ಬೆಂಕಿ ತಗುಲಿ ಕೂಲಿಕಾರರು ಅಸುನೀಗಿದರು. ವೆಲ್ಡಿಂಗ್ ಕೆಲಸದ ಕಿಡಿಯೇ ಕಾರಣವೆಂದು ವರದಿಯಾಯಿತು. ಕಿಡಿ ಹಾರುವ ಕೆಲಸಕ್ಕೆ ಮೊದಲು ಉರಿಯುವ ವಸ್ತುವನ್ನು ದೂರ ಸಾಗಿಸುವುದು, ನೀರು ಮರಳುಗಳನ್ನು ಬಳಿಯಲ್ಲಿಡುವುದು, ಹೊರಬರುವ ದಾರಿಯನ್ನು ತೆರವಾಗಿಡುವುದು, ಒಬ್ಬನನ್ನು ಕಾವಲಿಗೆ ನಿಲ್ಲಿಸುವುದು ಇವು ಸಣ್ಣ ಮಾತುಗಳು. ಆದರೆ ಇವನ್ನು ಪಾಲಿಸುವುದಕ್ಕೆ ಬೇಕಾಗುವ ಅರ್ಧ ಗಳಿಗೆಯ ಬೆಲೆಯನ್ನು ಹೆತ್ತವರ ಕಣ್ಣೀರಿನಿಂದ ಅಳೆಯಬೇಕು.

ಇಂದು ಭಕ್ತರ ಮಕ್ಕಳು ಅನೇಕರು ತಾಂತ್ರಿಕ ಶಾಲೆಗಳಲ್ಲಿ ಯಂತ್ರವಿದ್ಯೆಯನ್ನು ಕಲಿಯುತ್ತಿದ್ದಾರೆ. ಜೋಲುವ ಬಟ್ಟೆಯನ್ನು ಬಿಗಿದು, ಸಾಣೆಯ ಮುಂದೆ ಕಣ್ಣಿಗೆ ಕನ್ನಡಕವಿಟ್ಟು, ಯಂತ್ರವನ್ನು ನಿಲ್ಲಿಸಿದ ಮೇಲೆಯೇ ಅದರೊಳಗೆ ಕೈಯಿಡುವವನು ಅಂಜುಬುರುಕನಲ್ಲ. ಗುರುವಿತ್ತ ಕಾಯವನ್ನು ಕಾಯ್ದುಕೊಂಡವನು. ಮಾಡಿದ ವಸ್ತುವನ್ನು ಅಳೆದು, ದೋಷ ಕಂಡರೆ ತಾನೇ ತೆಗೆದಿರಿಸುವವನು ಲಕ್ಕಮ್ಮನವರ ಮಾತನ್ನು ಕೇಳಿದವನು. ಕಾಯವು ಉಳಿದರೆ ಕಾಯಕ, ಕಾಯಕವು ಶುದ್ಧವಾದರೆ ದಾಸೋಹ. ಈ ಎಚ್ಚರವು ಮನೆಮನೆಯಲ್ಲಿ ನೆಲೆಗೊಳ್ಳಲೆಂಬುದೇ ಈ ಮಹೋತ್ಸವದ ಹಾರೈಕೆಯು.