ಮಾರಿದವನ ಹೊಣೆ: ಲ್ಯಾಟರನ್ ಶಾಸನಗಳಿಂದ ಆಯುಧ ವ್ಯಾಪಾರ ಒಪ್ಪಂದದವರೆಗೆ

ಆಯುಧಗಳ ಮಾರಾಟಕ್ಕೆ ಕಟ್ಟುಪಾಡು ವಿಧಿಸುವ ಪ್ರಯತ್ನವು ಆಧುನಿಕ ರಾಷ್ಟ್ರಗಳಿಂದ ಆರಂಭವಾಯಿತೆಂಬ ಭಾವನೆಯುಂಟು. ಸಭಾಚರಿತ್ರೆಯನ್ನು ಓದುವ ನಾವು ಅದನ್ನು ಬಹು ಹಿಂದೆಯೇ ಕಾಣುತ್ತೇವೆ. 1179ರಲ್ಲಿ ರೋಮಿನಲ್ಲಿ ಸೇರಿದ ಮೂರನೆಯ ಲ್ಯಾಟರನ್ ಮಹಾಸಭೆಯು, ಮುಸ್ಲಿಮರಿಗೆ ಆಯುಧ, ಕಬ್ಬಿಣ ಮತ್ತು ಹಡಗು ಕಟ್ಟುವ ಮರವನ್ನು ಒದಗಿಸುವ ಕ್ರೈಸ್ತರನ್ನು ಬಹಿಷ್ಕರಿಸಿತು; ಈ ಶಿಕ್ಷೆಯನ್ನು ಕಡಲತೀರದ ಪಟ್ಟಣಗಳ ದೇವಾಲಯಗಳಲ್ಲಿ ಪದೇಪದೇ ಸಾರಬೇಕೆಂದು ವಿಧಿಸಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಇನ್ನೂ ಮುಂದೆ ಹೋಯಿತು. ಹಡಗು ಮಾರುವವರೂ ಯುದ್ಧಯಂತ್ರಗಳ ವಿಷಯದಲ್ಲಿ ಸಲಹೆ ನೀಡುವವರೂ ಅಪರಾಧಿಗಳೆನಿಸಿದರು. ಕ್ಷಮೆ ಬೇಕಾದವನು ಆ ವ್ಯಾಪಾರದಿಂದ ಪಡೆದುದೆಲ್ಲವನ್ನೂ, ಅಷ್ಟೇ ಮೊತ್ತವನ್ನು ತನ್ನ ಸ್ವಂತ ಹಣದಿಂದಲೂ ಪವಿತ್ರ ನಾಡಿನ ನೆರವಿಗೆ ಕೊಡಬೇಕಾಗಿತ್ತು.

ಮಾರಿದವನೂ ಹೊಣೆಗಾರನೆಂಬ ಸತ್ಯವನ್ನು ಈ ಶಾಸನಗಳು ಗುರುತಿಸಿದವು. ಆದರೆ ಅವುಗಳ ಕುಂದೂ ಅಲ್ಲಿಯೇ ಇದೆ. ದಂಡದ ಹಣವು ಸೇರಿದ್ದು ಕ್ರೂಸೇಡಿನ ವೆಚ್ಚಕ್ಕೆ. ಶತ್ರುವಿನ ಕೈಯ ಕತ್ತಿ ಪಾಪವೆನಿಸಿತು. ತಮ್ಮ ಕೈಯ ಕತ್ತಿಯನ್ನು ಯಾರೂ ಪ್ರಶ್ನಿಸಲಿಲ್ಲ. ಇದಲ್ಲದೆ, 1291ರಲ್ಲಿ ಆಕ್ರೆ ಪತನವಾದ ಮೇಲೆ ಪೋಪ್ ನಾಲ್ಕನೆಯ ನಿಕೋಲಸರು ಈಜಿಪ್ಟಿನೊಡನೆ ವ್ಯಾಪಾರವನ್ನೇ ನಿಷೇಧಿಸಿದಾಗ, ವರ್ತಕರು ಸೈಪ್ರಸಿನ ಬಂದರುಗಳನ್ನು ನಡುದಾರಿಯಾಗಿ ಮಾಡಿಕೊಂಡರು.

ಇಂಥ ನಡುದಾರಿ ಇಂದಿಗೂ ಮುಚ್ಚಿಲ್ಲ. ಮಾರ್ಚ್ 1999ರಲ್ಲಿ ಉಕ್ರೇನಿನಿಂದ 68 ಟನ್ ಆಯುಧಗಳು ಬುರ್ಕಿನಾ ಫಾಸೋದ ರಾಜಧಾನಿಗೆ ಬಂದಿಳಿದವು. ಅಂತಿಮ ಬಳಕೆದಾರ ಪ್ರಮಾಣಪತ್ರದಲ್ಲಿ ಅವು ಆ ದೇಶದ ರಕ್ಷಣಾ ಇಲಾಖೆಗೆಂದು ಬರೆದಿತ್ತು. ಅವು ಅಲ್ಲಿಂದ ವಿಮಾನದಲ್ಲಿ ಲೈಬೀರಿಯಕ್ಕೆ ಸಾಗಿದವೆಂದೂ, ಸಿಯೆರಾ ಲಿಯೋನಿನ ಬಂಡುಕೋರರಿಗೆ ಒದಗಿದವೆಂದೂ ವಿಶ್ವಸಂಸ್ಥೆಯ ತಜ್ಞರ ಸಮಿತಿಯು 2000ದಲ್ಲಿ ವರದಿಮಾಡಿತು. ಜನಸಾಮಾನ್ಯರ ಕೈಗಳನ್ನು ಕತ್ತರಿಸುತ್ತಿದ್ದ ಪಡೆ ಅದು. ಕಾಗದಪತ್ರಗಳು ಸರಿಯಾಗಿದ್ದ ಮಾತ್ರಕ್ಕೆ ಮಾರಿದವನ ಹೊಣೆ ತೀರಿತೇ?

2 ಏಪ್ರಿಲ್ 2013ರಂದು ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ ಆಯುಧ ವ್ಯಾಪಾರ ಒಪ್ಪಂದವು ತೀರಿಲ್ಲವೆಂದು ಉತ್ತರಿಸುತ್ತದೆ. ನರಮೇಧಕ್ಕೆ ಬಳಕೆಯಾಗುವುದೆಂದು ತಿಳಿದೂ ಆಯುಧ ಕಳುಹಿಸುವುದನ್ನು ಅದರ 6ನೆಯ ವಿಧಿ ನಿಷೇಧಿಸುತ್ತದೆ. ಆಯುಧವು ದಾರಿತಪ್ಪಿ ಬೇರೆಯವರ ಕೈಸೇರುವ ಅಪಾಯವನ್ನು ರಫ್ತುಮಾಡುವ ದೇಶವು ಮೊದಲೇ ತೂಗಿನೋಡಬೇಕೆಂದು 11ನೆಯ ವಿಧಿ ಹೇಳುತ್ತದೆ. ಆಯುಧವು ಯಾರ ಕೈಗೆ ಎಂದಷ್ಟೇ ಲ್ಯಾಟರನ್ ಕೇಳಿತ್ತು. ಯಾರ ಮೇಲೆ ಎಂಬುದನ್ನೂ ಈ ಒಪ್ಪಂದವು ಕೇಳುತ್ತದೆ.

ಒಪ್ಪಂದವು ರಫ್ತುದಾರ ದೇಶಗಳ ಪರವಾಗಿ ವಾಲಿದೆಯೆಂದು ಆಕ್ಷೇಪಿಸಿ ಭಾರತವು ಅಂದು ಮತದಾನದಿಂದ ದೂರ ಉಳಿಯಿತು. ಆ ಆಕ್ಷೇಪದಲ್ಲಿ ತಿರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಇಂದು ಭಾರತವೂ ಆಯುಧಗಳನ್ನು ರಫ್ತುಮಾಡುತ್ತಿದೆ. ತಮ್ಮನ ವಿಷಯದಲ್ಲಿ ಕಾಯಿನನು ಉತ್ತರಿಸಬೇಕಾಗಿ ಬಂದ ಪ್ರಶ್ನೆಯನ್ನು ಕೊಳ್ಳುವವನ ಮುಂದಿಡುವಂತೆಯೇ ಮಾರುವವನ ಮುಂದೆಯೂ ಇಡುವುದು ಈ ನಾಡಿನ ಸಭೆಗಳ ಕರ್ತವ್ಯವಾಗಿದೆ.