ಯುರೇನಿಯಂ ಹೆಕ್ಸಾಫ್ಲೋರೈಡ್‌ನ ನಿರ್ವಹಣೆ: ವಿಕಿರಣಕ್ಕಿಂತ ಮೊದಲು ರಸಾಯನ

1986ರ ಜನವರಿ 4ರಂದು ಅಮೆರಿಕದ ಒಕ್ಲಹೋಮ ರಾಜ್ಯದ ಗೋರ್ ಎಂಬಲ್ಲಿ, ಸೆಕೋಯಾ ಫ್ಯೂಯೆಲ್ಸ್ ಕಾರ್ಖಾನೆಯ ಅಂಗಳದಲ್ಲಿ ಒಂದು ಉಕ್ಕಿನ ಸಿಲಿಂಡರ್ ಸೀಳಿತು. ಒಳಗಿದ್ದದ್ದು ಯುರೇನಿಯಂ ಹೆಕ್ಸಾಫ್ಲೋರೈಡ್. ಗಾಳಿ ಬೀಸುತ್ತಿದ್ದ ಕಡೆಗಿದ್ದ ಯುವ ಕಾರ್ಮಿಕನೊಬ್ಬ ಅಂದೇ ತೀರಿಕೊಂಡ. ಸಾವಿಗೆ ಕಾರಣ ಹೈಡ್ರೋಜನ್ ಫ್ಲೋರೈಡ್ ಆವಿ. ವಿಕಿರಣದ ಪಾತ್ರ ಅದರಲ್ಲಿ ಇರಲಿಲ್ಲ. ಈ ಸಂಯುಕ್ತದ ತಕ್ಷಣದ ಅಪಾಯ ಮೂಲತಃ ರಾಸಾಯನಿಕವಾದದ್ದು, ಅದನ್ನು ತಡೆಯುವ ಕೆಲಸ ವಿಕಿರಣಮಾಪಕಕ್ಕಿಂತ ಮೊದಲು ತೂಕದ ಯಂತ್ರ ಮತ್ತು ಉಷ್ಣತಾಮಾಪಕದ ಹತ್ತಿರ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಯುರೇನಿಯಂ-235ರ ಪಾಲನ್ನು ಹೆಚ್ಚಿಸಬೇಕಾದರೆ, ಅಂದರೆ ಸಂವರ್ಧನೆ ಮಾಡಬೇಕಾದರೆ, ಯುರೇನಿಯಂ ಸಾಮಾನ್ಯವಾಗಿ ಅನಿಲರೂಪಕ್ಕೆ ಬರಬೇಕು. ಕೈಗಾರಿಕೆಯ ಮಟ್ಟದಲ್ಲಿ ಅದಕ್ಕೆ ಒಗ್ಗಿಬಂದದ್ದು ಈ ಸಂಯುಕ್ತ. ಫ್ಲೋರಿನ್‌ಗೆ ನಿಸರ್ಗದಲ್ಲಿ ಒಂದೇ ಐಸೊಟೋಪ್ ಇರುವುದು ಇನ್ನೊಂದು ಅನುಕೂಲ: ಅಣುಗಳ ತೂಕದಲ್ಲಿ ಕಾಣುವ ವ್ಯತ್ಯಾಸವೆಲ್ಲ ಯುರೇನಿಯಂನದೇ ಆಗಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ಇದು ಬಿಳಿ ಹರಳು. ವಾತಾವರಣದ ಒತ್ತಡದಲ್ಲಿ ಸುಮಾರು 56.5 ಡಿಗ್ರಿ ಸೆಲ್ಸಿಯಸ್‌ಗೆ ಕರ್ಪೂರದ ಹಾಗೆ ಕರಗದೆಯೇ ಆವಿಯಾಗುತ್ತದೆ. ದ್ರವವಾಗಬೇಕಾದರೆ 64 ಡಿಗ್ರಿ ಶಾಖವೂ ವಾತಾವರಣದ ಒಂದೂವರೆ ಪಟ್ಟು ಒತ್ತಡವೂ ಬೇಕು.

ಒಣ ಗಾಳಿ ಇದನ್ನು ಏನೂ ಮಾಡುವುದಿಲ್ಲ. ತೇವ ತಗುಲಿತೋ, ಕೂಡಲೇ ಶಾಖ ಬಿಟ್ಟುಕೊಂಡು ಯುರೇನೈಲ್ ಫ್ಲೋರೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಸೋರಿಕೆಯಾದಾಗ ಏಳುವ ದಟ್ಟ ಬಿಳಿ ಹೊಗೆ ಇವೆರಡರದೇ. ಅಣುತೂಕದ ಲೆಕ್ಕದಲ್ಲಿ 352 ಗ್ರಾಂ ಹೆಕ್ಸಾಫ್ಲೋರೈಡ್‌ನಿಂದ 80 ಗ್ರಾಂ ಹೈಡ್ರೋಜನ್ ಫ್ಲೋರೈಡ್ ಬರುತ್ತದೆ, ಅಂದರೆ ಕಿಲೊಗೆ ಸುಮಾರು 227 ಗ್ರಾಂ. ಸಾಗಣೆಯಲ್ಲಿ ಬಳಕೆಯಲ್ಲಿರುವ 48ವೈ ಮಾದರಿಯ ಸಿಲಿಂಡರಿಗೆ ತುಂಬಬಹುದಾದ ಗರಿಷ್ಠ ಪ್ರಮಾಣ 12,501 ಕಿಲೊ. ಅಷ್ಟೂ ತೇವದೊಡನೆ ಬೆರೆತರೆ ಹುಟ್ಟುವ ಹೈಡ್ರೋಜನ್ ಫ್ಲೋರೈಡ್ 2,800 ಕಿಲೊ ಮೀರುತ್ತದೆ. ಅಪಾಯದ ಅಳತೆ ತಿಳಿಯಲು ಈ ಒಂದು ಅಂಕಿ ಸಾಕು.

ಹೈಡ್ರೋಜನ್ ಫ್ಲೋರೈಡ್ ಶ್ವಾಸಕೋಶವನ್ನು ಸುಡುತ್ತದೆ. ಚರ್ಮದ ಮೇಲೆ ಬಿದ್ದರೆ ಅಲ್ಲಿಗೇ ನಿಲ್ಲುವುದಿಲ್ಲ. ಒಳಕ್ಕಿಳಿದ ಫ್ಲೋರೈಡ್ ರಕ್ತದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಹೃದಯದ ಬಡಿತ ತಪ್ಪುತ್ತದೆ. ದ್ರಾವಣ ತೆಳುವಾಗಿದ್ದರೆ ನೋವು ಗಂಟೆಗಟ್ಟಲೆ ತಡವಾಗಿ ಕಾಣಿಸಿಕೊಳ್ಳುವುದುಂಟು. ಕ್ಯಾಲ್ಸಿಯಂ ಜೊತೆ ಫ್ಲೋರೈಡ್‌ಗಿರುವ ಈ ಸೆಳೆತ ಕನ್ನಡಿಗರಿಗೆ ಬೇರೊಂದು ದಾರಿಯಿಂದ ಪರಿಚಿತ: ಪಾವಗಡ ಸೀಮೆಯ ಕೊಳವೆಬಾವಿ ನೀರು ವರ್ಷಾನುಗಟ್ಟಲೆ ಹಲ್ಲು ಮೂಳೆಗಳಿಗೆ ಮಾಡುವ ಹಾನಿಯ ಹಿಂದೆಯೂ ಇರುವುದು ಇದೇ ಗುಣ. ಯುರೇನೈಲ್ ಫ್ಲೋರೈಡ್‌ನ ಕತೆ ಬೇರೆ. ನೀರಿನಲ್ಲಿ ಕರಗುವ ಈ ಲವಣ ಉಸಿರಿನ ಮೂಲಕ ರಕ್ತ ಸೇರಿ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೆಡಿಸುತ್ತದೆ. ಅಮೆರಿಕದ ಅಣು ನಿಯಂತ್ರಣ ನಿಯಮವು ಕರಗುವ ಯುರೇನಿಯಂ ಒಬ್ಬ ಕೆಲಸಗಾರನ ದೇಹಕ್ಕೆ ವಾರಕ್ಕೆ 10 ಮಿಲಿಗ್ರಾಂಗಿಂತ ಹೆಚ್ಚು ಸೇರಬಾರದೆನ್ನುತ್ತದೆ. ಆ ಮಿತಿಗೆ ಅದು ಕೊಡುವ ಕಾರಣ ರಾಸಾಯನಿಕ ವಿಷತ್ವ. ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಈ ಸಂಗತಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಇನ್ನು ಗೋರ್ ಅವಘಡವನ್ನು ಹತ್ತಿರದಿಂದ ನೋಡೋಣ. ಸಿಲಿಂಡರನ್ನು ತೂಕದ ಯಂತ್ರದ ಮೇಲೆ ಪೂರ್ತಿಯಾಗಿ ಕೂರಿಸಿರಲಿಲ್ಲ. ಯಂತ್ರ ಕಡಿಮೆ ತೋರಿಸಿತು, ತುಂಬುತ್ತಲೇ ಹೋದರು. ಮಿತಿ 12,501 ಕಿಲೊ ಇದ್ದಲ್ಲಿ ಒಳಗೆ ಸೇರಿದ್ದು ಸುಮಾರು 13,400 ಕಿಲೊ. ಹೆಚ್ಚಾದದ್ದನ್ನು ಹೊರತೆಗೆಯುವಷ್ಟರಲ್ಲಿ ಒಳಗಿನ ವಸ್ತು ತಣಿದು ಗಟ್ಟಿಯಾಗತೊಡಗಿತ್ತು. ಅದನ್ನು ಮತ್ತೆ ಕರಗಿಸಲೆಂದು ಸಿಲಿಂಡರನ್ನು ಹಬೆಪೆಟ್ಟಿಗೆಯಲ್ಲಿಟ್ಟು ಕಾಯಿಸಿದರು. ಮಿತಿಮೀರಿ ತುಂಬಿದ ಸಿಲಿಂಡರನ್ನು ಕಾಯಿಸಬಾರದೆಂದು ಕಾರ್ಖಾನೆಯದೇ ನಿಯಮವಿತ್ತು.

ಆ ನಿಯಮದ ಹಿಂದಿನ ಗಣಿತ ಸರಳ. ಗಟ್ಟಿ ಹೆಕ್ಸಾಫ್ಲೋರೈಡ್‌ನ ಸಾಂದ್ರತೆ 20 ಡಿಗ್ರಿಯಲ್ಲಿ ಘನ ಸೆಂಟಿಮೀಟರಿಗೆ 5.09 ಗ್ರಾಂ. ಕರಗಿದೊಡನೆ ಅದು 3.6ರ ಆಸುಪಾಸಿಗೆ ಇಳಿಯುತ್ತದೆ, ಗಾತ್ರ ಹೆಚ್ಚುಕಡಿಮೆ ಶೇ. 40ರಷ್ಟು ಹಿಗ್ಗುತ್ತದೆ. 121 ಡಿಗ್ರಿ ಮುಟ್ಟುವ ಹೊತ್ತಿಗೆ ಸಾಂದ್ರತೆ 3.26. 48ವೈ ಸಿಲಿಂಡರಿನ ಒಳಗಾತ್ರ ಸುಮಾರು 4.04 ಘನ ಮೀಟರ್ ಆದ್ದರಿಂದ ಆ ಶಾಖದಲ್ಲಿ ಹಿಡಿಸುವುದು ಹೆಚ್ಚೆಂದರೆ 13,160 ಕಿಲೊ. ಅದರಲ್ಲಿ ಶೇ. 5ರಷ್ಟು ಜಾಗ ಖಾಲಿ ಬಿಡಬೇಕೆಂದರೆ ಸಿಗುವ ಉತ್ತರವೇ 12,501. ಗೋರ್‌ನಲ್ಲಿ ತುಂಬಿದ್ದ ಪ್ರಮಾಣಕ್ಕೆ ಆ ಶಾಖದಲ್ಲಿ ಉಕ್ಕಿನೊಳಗೆ ಜಾಗವೇ ಇರಲಿಲ್ಲ. ದ್ರವ ಕುಗ್ಗುವುದಿಲ್ಲ, ಉಕ್ಕು ಸೀಳಲೇಬೇಕಾಯಿತು. ಬದುಕುಳಿದವರಲ್ಲಿ ಕೆಲವರ ಮೂತ್ರಪಿಂಡಕ್ಕೆ ತಾತ್ಕಾಲಿಕ ತೊಂದರೆಯಾದರೂ ಕಾಯಂ ಹಾನಿ ಕಂಡುಬರಲಿಲ್ಲ.

ಇದು ಮೊದಲ ಸಾವೂ ಅಲ್ಲ. 1944ರ ಸೆಪ್ಟೆಂಬರ್ 2ರಂದು ಫಿಲಡೆಲ್ಫಿಯಾದ ನೌಕಾ ಅಂಗಳದಲ್ಲಿ, ಯುರೇನಿಯಂ ಸಂವರ್ಧನೆಗೆಂದು ಫಿಲಿಪ್ ಏಬಲ್‌ಸನ್ ರೂಪಿಸಿದ್ದ ಉಷ್ಣವಿಸರಣ ಘಟಕದಲ್ಲಿ, ಕಟ್ಟಿಕೊಂಡಿದ್ದ ಕೊಳವೆಯನ್ನು ಬಿಡಿಸುವಾಗ ಸ್ಫೋಟವಾಯಿತು. ಪಕ್ಕದ ಹಬೆ ಕೊಳವೆಗಳೂ ಒಡೆದು ಹಬೆ ಮತ್ತು ಹೆಕ್ಸಾಫ್ಲೋರೈಡ್ ಬೆರೆತವು. ಅಲ್ಲಿ ಕೆಲಸದಲ್ಲಿದ್ದ ಪೀಟರ್ ಬ್ರ್ಯಾಗ್, ಡಗ್ಲಸ್ ಮೀಗ್ಸ್ ಸತ್ತರು. ಆರ್ನಾಲ್ಡ್ ಕ್ರಾಮಿಶ್ ತೀವ್ರ ಸುಟ್ಟಗಾಯಗಳೊಂದಿಗೆ ಬದುಕಿಕೊಂಡರು. ಯುದ್ಧಕಾಲದ ಗೋಪ್ಯತೆ ಈ ಪ್ರಕರಣವನ್ನು ಬಹುಕಾಲ ಮುಚ್ಚಿಟ್ಟಿತು. ಬಹಿರಂಗವಾಗಿದ್ದರೆ ಮುಂದಿನವರಿಗೆ ಪಾಠವಾಗುತ್ತಿತ್ತು ಎಂಬ ಸಂಕಟ ಇದನ್ನು ಓದಿದ ಯಾರಿಗೂ ಆಗುತ್ತದೆ.

ಇದಕ್ಕೆ ಎದುರಾಗಿ 1984ರ ಆಗಸ್ಟ್ 25ರ ಘಟನೆಯನ್ನಿಡಬಹುದು. ಸುಮಾರು 350 ಟನ್ ಹೆಕ್ಸಾಫ್ಲೋರೈಡ್ ಹೊತ್ತಿದ್ದ ಮೋಂ ಲೂಯಿ ಹಡಗು ಬೆಲ್ಜಿಯಂ ತೀರದಾಚೆ ಡಿಕ್ಕಿಯಾಗಿ ಮುಳುಗಿತು. ತುಂಬಿದ್ದ 30 ಸಿಲಿಂಡರುಗಳನ್ನೂ ಮೇಲೆತ್ತಲಾಯಿತು. ತಣ್ಣಗೆ ಗಟ್ಟಿಯಾಗಿರುವ ಹೆಕ್ಸಾಫ್ಲೋರೈಡ್‌ನ ಆವಿಯೊತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆ. ಅದು ಹೊರಗೆ ನುಗ್ಗುವುದಿಲ್ಲ. ಅಪಾಯವೆಲ್ಲ ಕಾಯಿಸಿದಾಗ.

ನಿರ್ವಹಣೆಯ ನಿಯಮಗಳು ಇಲ್ಲಿಂದಲೇ ಹುಟ್ಟಬೇಕು. ತೂಕ ಖಚಿತವಾಗದ ಸಿಲಿಂಡರಿಗೆ ಶಾಖ ಕೊಡಕೂಡದು; ಸಾಧ್ಯವಾದಲ್ಲಿ ಎರಡು ಬೇರೆ ಯಂತ್ರಗಳಲ್ಲಿ ತೂಗಬೇಕು. ಒಳಗಿನದು ದ್ರವವಾಗಿರುವಾಗ ಸಿಲಿಂಡರನ್ನು ಎತ್ತಿ ಸಾಗಿಸಬಾರದು, ಗಟ್ಟಿಯಾಗಲು ದಿನಗಳೇ ಹಿಡಿದರೂ ಕಾಯಬೇಕು. ಕಾಯಿಸುವುದಿದ್ದರೆ ಸೋರಿಕೆಯನ್ನು ಒಳಗೇ ತಡೆಯಬಲ್ಲ ಮುಚ್ಚಿದ ಆಟೋಕ್ಲೇವ್ ಬೇಕು. ನಿರ್ವಾತ ಪಂಪಿನ ಸಾಮಾನ್ಯ ಖನಿಜತೈಲ ಇದರೊಡನೆ ಸೇರಿ ಸ್ಫೋಟಿಸಬಹುದಾದ್ದರಿಂದ ಫ್ಲೋರಿನ್‌ಯುಕ್ತ ತೈಲವನ್ನೇ ಬಳಸಬೇಕು. ಸೋರುವ ಬಾಯಿಗೆ ನೇರವಾಗಿ ನೀರು ಹಾಯಿಸುವುದು ಬೆಂಕಿ ಕಂಡಾಗಿನ ಸಹಜ ಅಭ್ಯಾಸ. ಇಲ್ಲಿ ಅದು ಅನಾಹುತವನ್ನು ಹೆಚ್ಚಿಸುತ್ತದೆ. ಮೈಗೆ ತಾಗಿದ್ದರೆ ಮಾತ್ರ ಧಾರಾಳವಾಗಿ ನೀರಿನಿಂದ ತೊಳೆದು, ಶೇ. 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಯಲ್ಲಿ ನಿಗಾದಲ್ಲಿಡಬೇಕು.

ಭಾರತಕ್ಕೆ ಈ ವಿಷಯ ದೂರದ್ದಲ್ಲ. ತಾರಾಪುರದ ಕುದಿನೀರಿನ ರಿಯಾಕ್ಟರುಗಳಿಗಾಗಿ ಆಮದಾದ ಸಂವರ್ಧಿತ ಹೆಕ್ಸಾಫ್ಲೋರೈಡ್ ಹೈದರಾಬಾದಿನ ಅಣು ಇಂಧನ ಸಂಕೀರ್ಣದಲ್ಲಿ ಇಂಧನವಾಗಿದೆ. ಮೈಸೂರಿನ ಹತ್ತಿರದ ರತ್ನಹಳ್ಳಿಯಲ್ಲಿ ಯುರೇನಿಯಂ ಸಂವರ್ಧನೆಯ ಘಟಕವಿದೆ. ಇಂಥ ನೆಲೆಗಳ ಸುತ್ತಲಿನ ವೈದ್ಯರು, ಅಗ್ನಿಶಾಮಕ ಸಿಬ್ಬಂದಿ ಮತ್ತು ಜಿಲ್ಲಾಡಳಿತಗಳಿಗೆ ಈ ಲೇಖಕನ ಮನವಿ ಒಂದೇ: ಅಣು ತುರ್ತುಸ್ಥಿತಿಯ ಅಭ್ಯಾಸದಲ್ಲಿ ವಿಕಿರಣಮಾಪಕದಷ್ಟೇ ಮಹತ್ವವನ್ನು ಹೈಡ್ರೋಜನ್ ಫ್ಲೋರೈಡ್ ಪತ್ತೆಯ ಉಪಕರಣಕ್ಕೂ ಕ್ಯಾಲ್ಸಿಯಂ ಗ್ಲುಕೊನೇಟ್ ದಾಸ್ತಾನಿಗೂ ಕೊಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯ ದಾದಿಗೂ ಆ ಜೆಲ್ ಎಲ್ಲಿದೆ, ಹೇಗೆ ಬಳಸಬೇಕು ಎಂಬುದು ಗೊತ್ತಿರಲಿ.